ಘಾಟು ಬಾರದ ಮನೆ

ನಮ್ಮ ಮನೆಯಲ್ಲಿ ಕಣ್ಣಲ್ಲಿ ನೀರು ಬರಲು ದುಃಖವೇ ಆಗಬೇಕೆಂದಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆ ಅದು. ಪೇಟೆಯ ಕಾಲ ಶುರುವಾಯಿತೆಂದರೆ ಪಡಸಾಲೆಯ ಅರ್ಧಕ್ಕೆ ಚೀಲಗಳು, ಇನ್ನರ್ಧಕ್ಕೆ ಹರವಿದ ಕಾಯಿ, ನಡುವೆ ಕಾಲಿಡಲು ಒಂದು ಕಿರಿದಾದ ದಾರಿ. ಆ ದಾರಿ ಹಿಡಿದು ಹೋದರೆ ಅಡುಗೆಮನೆ, ಪಕ್ಕಕ್ಕೆ ದೇವರ ಕೋಣೆ, ಅದರಾಚೆ ಹಿತ್ತಲು. ನೆಲ, ಗೋಡೆಯ ಗೂಡು, ಹಾಸಿಗೆ, ನನ್ನ ಪಾಟಿಚೀಲ, ಎಲ್ಲದರ ಮೇಲೂ ಕೆಂಪು ಪುಡಿ ಕೂತಿರುತ್ತಿತ್ತು. ಮಧ್ಯಾಹ್ನ ಓಣಿಯ ಹೆಂಗಸರು ಬಂದು ತೊಟ್ಟು ಬಿಡಿಸಲು ಸಾಲಾಗಿ ಕೂಡುತ್ತಿದ್ದರು. ಅವ್ವನೂ ಅವರ ಸಾಲಿನಲ್ಲೇ. ಕೂಸಿಗೆ ಹಾಲು ಕುಡಿಸುವ ಹೊತ್ತಾದರೆ ಎದ್ದು ಹೋಗಿ ಕೈಗೆ ಶೇಂಗಾ ಎಣ್ಣೆ ಸವರಿ, ಮಜ್ಜಿಗೆಯಲ್ಲಿ ತೊಳೆದು, ಮೂಸಿ ನೋಡಿಕೊಂಡು ಆಮೇಲೆ ಎತ್ತಿಕೊಳ್ಳುತ್ತಿದ್ದಳು. ಕಣ್ಣಿಗೆ ಬೆರಳು ಮುಟ್ಟಿಸಬಾರದೆಂಬುದು ನಮ್ಮ ಮನೆಯ ಮೊದಲ ಪಾಠ. ನೀರು ಬಂದರೆ ತೋಳು ಮಡಚಿ ಮೊಣಕೈಯ ಒಳಬದಿಯಿಂದ ಒರೆಸಿಕೊಳ್ಳಬೇಕು. ಮಕ್ಕಳ ಕಣ್ಣಿನ ಕಾಯಿಲೆಗಳ ಮೇಲೆ ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ನಾನು ಕಣ್ಣೊರೆಸಿಕೊಳ್ಳುವುದು ಹಾಗೆಯೇ. ಜೊತೆಯ ಡಾಕ್ಟರುಗಳು ನೋಡಿ ನಗುತ್ತಾರೆ. ನಾನೂ ನಗುತ್ತೇನೆ, ಕಾರಣ ಹೇಳಲು ಹೋಗುವುದಿಲ್ಲ.

ನನ್ನ ತಮ್ಮ ಚನ್ನು ಹುಟ್ಟಿದಾಗ ನಾನು ಎರಡನೆಯ ತರಗತಿಯಲ್ಲಿದ್ದೆ. ಅವನು ಬೋರಲು ಬೀಳುವಷ್ಟರಲ್ಲಿ ಅವನ ಕಣ್ಣಿನ ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಮುಖಕ್ಕಿಂತ ಮೊದಲು ಕಣ್ಣುಗಳೇ ಕಾಣುತ್ತಿದ್ದವು. ದೊಡ್ಡವು, ಕಪ್ಪನೆಯವು, ಸದಾ ಒದ್ದೆಯಾಗಿ ಹೊಳೆಯುವವು. ತೊಟ್ಟು ಬಿಡಿಸಲು ಬರುತ್ತಿದ್ದ ಖಾಜಾಬಿ ದಿನಾ ಕೆಲಸಕ್ಕೆ ಕೂಡುವ ಮೊದಲು ತೊಟ್ಟಿಲಿಗೆ ಬಗ್ಗಿ ನೋಡಿ, ಆಮೇಲೆ ನನ್ನ ಕಡೆ ತಿರುಗುತ್ತಿದ್ದಳು.

“ಏನ್ ಕಣ್ಣ ಅದಾವ ಯವ್ವಾ ನಿನ್ನ ಮಗನ್ವು! ಇವು ಈ ಹುಡುಗಿಗೆ ಬಂದಿದ್ವು ಅಂದ್ರ ಚಲೋ ಆಕ್ಕಿತ್ತು ನೋಡು. ಮದಿವಿ ಖರ್ಚ ಉಳೀತಿತ್ತು.”

ಹೆಂಗಸರೆಲ್ಲ ನಗುತ್ತಿದ್ದರು. ನನ್ನ ಕಣ್ಣುಗಳು ಸಣ್ಣವು, ಅಪ್ಪನ ಹಾಗೆ. ಅವ್ವ ಮಾತ್ರ ಹೊಗಳಿಕೆ ಕೇಳಿದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು, ಆದರೆ ಅವಳ ತುಟಿಯ ತುದಿ ಮೇಲಕ್ಕೆ ಹೋಗುವುದು ನನಗೆ ಕಾಣುತ್ತಿತ್ತು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳನ್ನು ಯಾವುದಕ್ಕಾದರೂ ಹೊಗಳಿದ್ದಿದ್ದರೆ ಅದು ಆ ಕಣ್ಣುಗಳಿಗಾಗಿ. ಅಪ್ಪನಂತೂ ಕೂಸನ್ನು ಫೋಟೋ ತೆಗೆಸಲು ಹೊತ್ತುಕೊಂಡೇ ಹೋದ. ಚನ್ನು ಬಿಸಿಲಿಗೆ ಬಂದರೆ ಕಣ್ಣು ಮುಚ್ಚಿ ಮುಖವನ್ನು ಕೊರಳಿಗೆ ಒತ್ತಿಕೊಂಡುಬಿಡುತ್ತಿದ್ದ. ದಾರಿಯುದ್ದಕ್ಕೂ ಹಾಗೆಯೇ ಹೋದವನು ಸ್ಟುಡಿಯೋದ ಮಬ್ಬುಗತ್ತಲ ಕೋಣೆ ಸೇರಿದ್ದೇ ತಡ ಕಣ್ಣು ಪೂರಾ ಅರಳಿಸಿದ. ಫೋಟೋದವನು ಆ ಗಳಿಗೆಯನ್ನು ಹಿಡಿದ. ಕಟ್ಟು ಹಾಕಿಸಿದ ಆ ಫೋಟೋ ಪಡಸಾಲೆಯಲ್ಲಿ ಅಪ್ಪ ವ್ಯಾಪಾರಕ್ಕೆ ಕೂಡುವ ಗಾದಿಯ ಮೇಲೆಯೇ ತೂಗಿತು. ದೂರದೂರಿನ ವ್ಯಾಪಾರಿಗಳು ಬಂದರೆ ಅಪ್ಪ ಮೊದಲು ಮಗನ ಫೋಟೋ ತೋರಿಸಿ ಆಮೇಲೆ ಕಾಯಿ ತೋರಿಸುತ್ತಿದ್ದ. ಕೂಸಿನ ಕಣ್ಣಿನಿಂದ ನೀರು ಸೋರುವುದನ್ನು ಯಾರಾದರೂ ಕೇಳಿದರೆ, ಮೆಣಸಿನಕಾಯಿ ಮನೆಯ ಕೂಸಿನ ಕಣ್ಣಲ್ಲಿ ಮತ್ತೇನು ಎಳನೀರು ಬರುತ್ತದೆಯೇ ಎಂದು ನಗುತ್ತಿದ್ದ. ನಮ್ಮೆಲ್ಲರ ಕಣ್ಣೂ ಕೆಂಪು, ನಮ್ಮೆಲ್ಲರ ಕಣ್ಣಲ್ಲೂ ನೀರು. ಅದರಲ್ಲಿ ಅವನದು ಬೇರೆ ಎಂದು ಯಾರಿಗೆ ಹೊಳೆಯಬೇಕು?

ಇಂಥ ಕಣ್ಣಿಗೆ ದೃಷ್ಟಿಯಾಗದೆ ಇರುತ್ತದೆಯೇ? ಅದರ ಕಾಳಜಿ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಮಾತು ಒರಟು, ಆದರೆ ರೊಟ್ಟಿ ಬಡಿಯುವಾಗ ಎಲ್ಲಕ್ಕಿಂತ ತೆಳ್ಳನೆಯದನ್ನು ತೆಗೆದು ನನ್ನ ಗಂಗಾಳಕ್ಕೆ ಹಾಕುವವಳು ಅವಳೇ. ದೀಪ ಹಚ್ಚುವ ಹೊತ್ತಿಗೆ ಅವಳು ಮುಷ್ಟಿಯಲ್ಲಿ ಉಪ್ಪು ಮತ್ತು ಒಣಮೆಣಸಿನಕಾಯಿ ಹಿಡಿದು, ಕಂಡವರ ಕಣ್ಣು ಉಂಡವರ ಕಣ್ಣು ಎಂದು ಗೊಣಗುತ್ತ ಚನ್ನುವಿನ ಮೇಲೆ ನಿವಾಳಿಸಿ ಒಲೆಯ ಕೆಂಡಕ್ಕೆ ಹಾಕುತ್ತಿದ್ದಳು. ಇದರಲ್ಲಿ ಒಂದು ಪರೀಕ್ಷೆ ಇದೆ, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಕಾಯಿ ಸುಟ್ಟು ಘಾಟೆದ್ದು ಮನೆಮಂದಿ ಕೆಮ್ಮಿದರೆ ಕೂಸಿಗೆ ದೃಷ್ಟಿ ಆಗಿಲ್ಲ. ಘಾಟೇ ಬರದಿದ್ದರೆ ಭಾರೀ ದೃಷ್ಟಿ ಆಗಿತ್ತು, ಅದು ಕಾಯಿಯೊಂದಿಗೆ ಸುಟ್ಟುಹೋಯಿತು ಎಂದು ಲೆಕ್ಕ. ನಮ್ಮ ಮನೆಯಲ್ಲಿ ಒಂದು ಸಂಜೆಯೂ ಘಾಟು ಬರಲಿಲ್ಲ. ನಾವು ಒಲೆಯ ಸುತ್ತ ಆರಾಮವಾಗಿ ಕೂತಿರುತ್ತಿದ್ದೆವು, ಆಯಿ ಸಮಾಧಾನದಿಂದ ಹೇಳುತ್ತಿದ್ದಳು.

“ನೋಡ್ರಿ, ಎಷ್ಟ್ ನೆದರ ಆಗಿತ್ತು ನಮ್ಮ ಕೂಸಿಗೆ! ಅದಕ್ಕ ಕಣ್ಣಾಗ ನೀರ ಸೋರತೈತಿ. ನಾಳಿಗೆ ಕಡಿಮಿ ಆಕ್ಕೈತಿ.”

ನಾಳೆ ಕಡಿಮೆಯಾಗುತ್ತಿರಲಿಲ್ಲ, ನಾಳೆಯೂ ಘಾಟು ಬರುತ್ತಿರಲಿಲ್ಲ. ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅದರ ಮೇಲೆ ನಮ್ಮವು ಆ ಪುಡಿಯಲ್ಲೇ ಹುಟ್ಟಿ ಬೆಳೆದು ಮರಗಟ್ಟಿದ ಮೂಗುಗಳು. ಆ ಬೇಸಿಗೆ ನಮ್ಮನ್ನು ತವರಿಗೆ ಕರೆದೊಯ್ಯಲು ರಾಣೆಬೆನ್ನೂರಿನಿಂದ ಅವ್ವನ ಅಣ್ಣ, ನನ್ನ ಮಾವ, ಬಂದಿದ್ದ. ಬಟ್ಟೆ ಅಂಗಡಿಯವನು, ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಸಂಜೆ ಆಯಿ ಕೆಂಡಕ್ಕೆ ಕಾಯಿ ಹಾಕಿದ್ದೇ ಅವನು ಕೆಮ್ಮತೊಡಗಿ, ಮೂಗು ಬಾಯಿ ಮುಚ್ಚಿಕೊಂಡು ಚೀಲಗಳ ಮೇಲೆ ಎಡವುತ್ತ ಬೀದಿಗೆ ಓಡಿದ. ನಾವೆಲ್ಲ ಇದ್ದಲ್ಲೇ ಕೂತು ಅವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. “ಅವಗ ನೆಗಡಿ ಆಗೇತಿ ಬಿಡು,” ಎಂದಳು ಆಯಿ. ಅವ್ವ ಮಾತ್ರ ನಗುವುದನ್ನು ನಡುವೆಯೇ ನಿಲ್ಲಿಸಿ ಬಾಗಿಲ ಕಡೆ ನೋಡುತ್ತ ಕೂತದ್ದು ನೆನಪಿದೆ.

ರಾಣೆಬೆನ್ನೂರಿನ ಅಜ್ಜಿಯ ಮನೆ ಬೇರೆಯೇ ಲೋಕ. ನೆಲಕ್ಕೆ ಶಹಾಬಾದಿ ಕಲ್ಲು, ಕಪಾಟಿನ ತುಂಬ ಹೊಸ ಬಟ್ಟೆಯ ವಾಸನೆ, ಮೆಣಸಿನಕಾಯಿ ಇದ್ದರೆ ಅಡುಗೆಮನೆಯ ಡಬ್ಬಿಯಲ್ಲಿ ಮಾತ್ರ. ಹೋದ ಮಾರನೆಯ ದಿನವೇ ನನ್ನ ಕಣ್ಣಿನ ಕೆಂಪು ಇಳಿಯಿತು, ಅವ್ವನದೂ ಇಳಿಯಿತು. ಚನ್ನುವಿನ ಕಣ್ಣು ಹಾಗೆಯೇ ಸೋರುತ್ತಿತ್ತು. ಹಗಲೆಲ್ಲ ದಿಂಬಿಗೆ ಮುಖ ಹುದುಗಿಸಿ ಅಳುವವನು, ಕಿಟಕಿ ಮುಚ್ಚಿದರೆ ಸುಮ್ಮನಾಗುತ್ತಿದ್ದ. ಅಜ್ಜಿ ಅದನ್ನು ನೋಡಿದಳು, ನೋಡಿ ಸುಮ್ಮನಿದ್ದಳು. ಯಾಕೆಂದರೆ ಆ ವಾರವೇ ನನ್ನ ಚಿಗವ್ವ ಸರೋಜಾಳನ್ನು ನೋಡಲು ಕುಪ್ಪೇಲೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಬರುವ ದಿನ ಅಜ್ಜಿ ಅವ್ವನನ್ನು ಪಕ್ಕಕ್ಕೆ ಕರೆದಳು.

“ಕೂಸಿನ್ನ ಒಳಗಿನ ಖೋಲ್ಯಾಗ ಇಟ್ಕೊ. ಬಂದ ಮಂದಿ ಕಣ್ಣಿಗೇನಾಗೇತಿ ಅಂತ ಕೇಳ್ತಾರ. ಒಂದಕ್ಕ ಹತ್ತ ಮಾಡ್ತಾರ. ತಂಗಿ ಬಾಳ್ವಿ ಮಾತ ಐತವಾ.”

“ಏನಾಗೇತಿ ಅಂತ ನನಗೂ ತಿಳೀವಲ್ದಬೇ,” ಎಂದಳು ಅವ್ವ.

“ಏನೂ ಆಗಿಲ್ಲ. ನಿಮ್ಮ ಮನಿ ಮೆಣಸಿನಕಾಯಿ.”

ಅವ್ವ ಮತ್ತು ಚನ್ನುವಿನೊಂದಿಗೆ ನಾನೂ ಆ ಕತ್ತಲ ಕೋಣೆಯಲ್ಲಿ ಕೂತೆ. ಹೊರಗೆ ಅವಲಕ್ಕಿ ಒಗ್ಗರಣೆಯ ಘಮ, ಕಪ್ಪುಬಸಿಗಳ ಸದ್ದು. ಒಳಗೆ ಕತ್ತಲಿನಲ್ಲಿ ನನ್ನ ತಮ್ಮ ಕಣ್ಣು ಅಗಲಿಸಿ, ನೀರಿಲ್ಲದೆ, ಅಳುವಿಲ್ಲದೆ ನಗುತ್ತಿದ್ದ. ಅವನನ್ನು ಅಷ್ಟು ಖುಷಿಯಲ್ಲಿ ನಾನು ಹಗಲಿನಲ್ಲಿ ಕಂಡಿರಲಿಲ್ಲ. ಅವನ ಕೇಕೆ ಕೇಳಿ ಗಂಡಿನ ಕಡೆಯ ಹೆಂಗಸೊಬ್ಬಳು ಬಾಗಿಲು ಸರಿಸಿ ಇಣುಕಿದಳು. ಅವ್ವ ಕೋಳಿ ಕದ್ದವಳಂತೆ ಎದ್ದು ನಿಂತಳು. ಆ ಹೆಂಗಸು ಕೂಸಿನ ಕಡೆ ಬಗ್ಗಿ, “ಎಂಥಾ ಕಣ್ಣ ಕೊಟ್ಟಾನವಾ ದೇವ್ರು! ನಿಮ್ಮ ಮನ್ಯಾಗ ಎಲ್ಲಾರ್ವೂ ಹಿಂಗ ಅದಾವೇನು?” ಎಂದಳು. ಅಜ್ಜಿ ಹಿಂದಿನಿಂದ ಹೌದೌದು ಎಂದಳು. ಹೆಣ್ಣು ಒಪ್ಪಿಗೆಯಾಯಿತು. ಆ ಒಪ್ಪಿಗೆಗೆ ನನ್ನ ತಮ್ಮನ ರೋಗದ ಕಣ್ಣೂ ಒಂದಿಷ್ಟು ಕಾರಣ ಎಂದು ಈಗ ನೆನೆದರೆ ನನಗೆ ಮೈ ಹಿಡಿಯಷ್ಟಾಗುತ್ತದೆ.

ಮರಳಿ ಬರುವಾಗ ಬಸ್ಸಿನಲ್ಲಿ ಅವ್ವ ಚನ್ನುವಿನ ಮುಖದ ಮೇಲೆ ಸೆರಗು ಹಾಕಿಕೊಂಡು ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಆಮೇಲೆ, ಮಾತಾಡಲು ಬೇರೆ ಯಾರೂ ಇಲ್ಲದ್ದರಿಂದ, ನನ್ನೊಂದಿಗೆ ಮಾತಾಡಿದಳು.

“ಗಿರಿಜಾ, ಅಲ್ಲಿ ಮೆಣಸಿನಕಾಯಿ ಇರಲಿಲ್ಲಲ್ಲ. ಮತ್ತ ಇವಗ ಯಾಕ ನೀರ ಬರಾಕತ್ತಿತ್ತು?”

ಅವಳೇ ಕೂಸಿನ ಮೇಲಿನ ಸೆರಗು ಸರಿಮಾಡುತ್ತ, “ಯಾರ ಮುಂದೂ ಅನಬ್ಯಾಡ,” ಎಂದಳು. ನನ್ನ ಇಡೀ ಕೆಲಸದ ಮೊದಲ ಪ್ರಶ್ನೆ ಆ ಬಸ್ಸಿನಲ್ಲಿ ಕೇಳಿದ್ದು, ಕೇಳಿದವಳು ನನ್ನ ಅವ್ವ. ಅದನ್ನು ಅವಳು ಕೇಳಿದ ಕೂಡಲೇ ಬಾಯಿ ಮುಚ್ಚಿಕೊಂಡದ್ದು ನಾಚಿಕೆಯಿಂದ. ಕೂಸಿಗೆ ಏನೋ ಆಗಿದೆ ಎಂದರೆ ತವರಿನಲ್ಲಿ ತಂಗಿಯ ಮದುವೆ ಕೆಡುತ್ತದೆ, ಗಂಡನ ಮನೆಯಲ್ಲಿ ಇದ್ದೊಂದು ಹೊಗಳಿಕೆಯೂ ಹೋಗುತ್ತದೆ.

ಆದರೂ ಅವಳು ಪೂರ್ತಿ ಸುಮ್ಮನಿರಲಿಲ್ಲ. ಊರಿಗೆ ಬಂದ ಸ್ವಲ್ಪ ದಿನಕ್ಕೆ ಒಂದು ಸಂಜೆ ಆಯಿ ಎಂದಿನಂತೆ ನಿವಾಳಿಸಿ ಒಲೆಗೆ ಹಾಕಿ, ನೆದರು ಎಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅತ್ತೀ, ಘಾಟ ಬರಲಿಲ್ಲಂದ್ರ ನೆದರ ಅಂತೀರಿ. ನಮ್ಮನ್ಯಾಗ ಯಾರಿಗೆ ಘಾಟ ಬರತೈತ್ರಿ? ನಮ್ಮಣ್ಣ ಬಂದಾಗ ಓಡಿ ಹ್ವಾದಾ. ನಾವ ಕುಂತ ನಕ್ವಿ.”

ಆಯಿಯ ಕೈ ಗಾಳಿಯಲ್ಲೇ ನಿಂತಿತು. ಅತ್ತೆಗೆ ಎದುರು ಮಾತಾಡುವ ಸೊಸೆಯಲ್ಲ ಅವ್ವ. “ಅಂದ್ರ ನಾ ಇಷ್ಟ ದಿನ ಮಾಡಿದ್ದು ಸುಳ್ಳೇನ?” ಎಂದಳು ಆಯಿ. ಅಪ್ಪ ಪಡಸಾಲೆಯಿಂದಲೇ, “ಹೆಂಗಸರದೇನ್ ಗದ್ಲಾ?” ಎಂದ. ಅವ್ವ ಚನ್ನುವನ್ನು ಎತ್ತಿಕೊಂಡು ಹೋಗಿ ಗಾದಿಯ ಮೇಲೆ, ಫೋಟೋದ ಕೆಳಗೇ, ಅಪ್ಪನ ಮುಂದೆ ಮಲಗಿಸಿದಳು. ಕಂದೀಲು ಹತ್ತಿರ ತಂದು ತೋರಿಸಿದಳು. ಎಡಗಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆಯಂಥದ್ದೊಂದು ತೆಳುವಾಗಿ ಕಟ್ಟಿತ್ತು. ಅಪ್ಪ ಒಮ್ಮೆ ಕೂಸನ್ನು ನೋಡಿದ, ಒಮ್ಮೆ ಫೋಟೋ ನೋಡಿದ. ಆಯಿ ಆ ಹೊತ್ತು ಊಟ ಮಾಡಲಿಲ್ಲ. ನಾನು ಕರೆದರೂ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಂದಿನಿಂದ ಅವಳು ನಮ್ಮ ಮನೆಯ ಒಲೆಗೆ ಕಾಯಿ ಹಾಕಲಿಲ್ಲ.

ಅಪ್ಪ ನಮ್ಮನ್ನು ಕರೆದೊಯ್ದ ಹಾವೇರಿಯ ಕಣ್ಣಿನ ಡಾಕ್ಟರರ ದವಾಖಾನೆಯಲ್ಲಿ ಎರಡು ಉದ್ದನೆಯ ಬೆಂಚುಗಳು, ಅವುಗಳ ತುಂಬ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಮುದುಕರು. ಡಾಕ್ಟರರು ಕೂತಿದ್ದ ಕೋಣೆಗೆ ಬಾಗಿಲಿರಲಿಲ್ಲ, ಅರ್ಧ ಪರದೆ ಇತ್ತು. ಅವ್ವ ಕೂಸಿನ ಕಣ್ಣೊರೆಸಲು ಸೆರಗು ಕೊಡವಿದಳು, ಪಕ್ಕದ ಮುದುಕ ಸೀನತೊಡಗಿದ. ಒಂದಲ್ಲ, ಸಾಲಾಗಿ. ಎಲ್ಲರೂ ತಿರುಗಿ ನಮ್ಮನ್ನು ನೋಡಿದರು. ನಮ್ಮ ಮೈಗೆ ಒಂದು ವಾಸನೆ ಇದೆ ಎಂದು ನನಗೆ ತಿಳಿದದ್ದು ಆಗ. ಡಾಕ್ಟರರು ಕೂಸಿನ ರೆಪ್ಪೆ ಬಿಡಿಸಿ ನೋಡಿದರು, ಮತ್ತೆ ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಬೆಳಗಿನಿಂದ ದಣಿದಿದ್ದರು ಅಷ್ಟೇ. ಆದರೆ ಅವರ ದನಿ ದೊಡ್ಡದು.

“ಇದು ಗ್ಲಾಕೋಮಾ. ಹುಟ್ಟಿನಿಂದ ಬಂದದ್ದು. ಕಣ್ಣ ಇಷ್ಟ್ ದೊಡ್ಡದಾಗೂತನಕ ಏನ್ ಮಾಡಾಕತ್ತಿದ್ರಿ? ಎಲ್ಲಾರೂ ಬಿಡ್ರಿ, ನೀವು ತಾಯಿ ಇದ್ದೀರಿ. ನಿಮಗೂ ತಿಳೀಲಿಲ್ಲೇನ್ರಿ?”

ಅವ್ವ ತಿರುಗಿ ನೋಡಿದಳು, ಅಪ್ಪ ಅಲ್ಲಿರಲಿಲ್ಲ. ಪರದೆಯ ಕೆಳಗೆ ಅವನ ಚಪ್ಪಲಿಗಳು ಹೊರಬಾಗಿಲ ಕಡೆ ಹೋಗುವುದು ನನಗೆ ಕಂಡಿತು. ಆ ಕಣ್ಣುಗಳನ್ನು ಬಂದಬಂದವರಿಗೆಲ್ಲ ತೋರಿಸಿದವನಿಗೆ ಆ ಪ್ರಶ್ನೆಯ ಮುಂದೆ ನಿಲ್ಲಲಾಗಲಿಲ್ಲ. ಬೆಂಚಿನ ಮೇಲಿದ್ದ ಅಷ್ಟೂ ಜನ, ಕಣ್ಣಿಗೆ ಪಟ್ಟಿ ಕಟ್ಟಿದ್ದವರು ಕೂಡ, ಅವ್ವನ ಉತ್ತರಕ್ಕೆ ಕಾಯುತ್ತಿದ್ದ ಹಾಗಿತ್ತು. ಅವಳ ಕಿವಿ ಕೆಂಪಾದವು, ಕೊರಳು ಕೆಂಪಾಯಿತು. ನೆಲ ಬಿರಿದು ನಮ್ಮನ್ನು ಒಳಗೆ ತೆಗೆದುಕೊಳ್ಳಬಾರದೇ ಎನಿಸಿತು ನನಗೆ. ಈಗಲೂ ನನ್ನ ಎದುರು ಒಬ್ಬ ತಾಯಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರೆ ನನಗೆ ಆ ಕೋಣೆಯ ಫಿನಾಯಿಲ್ ವಾಸನೆ ಬರುತ್ತದೆ.

ಅದರ ವಿವರ ನನಗೆ ತಿಳಿದದ್ದು ಓದಿ ಡಾಕ್ಟರಾದ ಮೇಲೆ. ಕಣ್ಣಿನೊಳಗೆ ಊರುವ ನೀರು ಹರಿದುಹೋಗುವ ದಾರಿ ಕೆಲವು ಕೂಸುಗಳಲ್ಲಿ ಸರಿಯಾಗಿ ತೆರೆದಿರುವುದಿಲ್ಲ. ಒಳಗೆ ಒತ್ತಡ ಏರುತ್ತದೆ. ಎಳೆಯ ಕಣ್ಣುಗುಡ್ಡೆ ಮೆತ್ತಗಿರುವುದರಿಂದ ಹಿಗ್ಗುತ್ತ ಹೋಗುತ್ತದೆ, ಬೆಳಕು ಚುಚ್ಚುತ್ತದೆ, ಕಣ್ಣು ಸೋರುತ್ತದೆ. ನಾವು ಚೆಂದ ಚೆಂದ ಎಂದು ಕೊಂಡಾಡಿದ್ದು ಆ ಹಿಗ್ಗನ್ನು. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಆಯಿತು, ಮತ್ತೆ ಮತ್ತೆ ಆಯಿತು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ಮೂಗಿನ ಹತ್ತಿರ ಹಿಡಿದದ್ದು ಕಾಣುವಷ್ಟು ಉಳಿಯಿತು. ಒಂದು ದಿನ ನಾನು ಸಾಲೆಯಿಂದ ಬಂದು ನೋಡಿದರೆ ಗಾದಿಯ ಮೇಲಿನ ಗೋಡೆ ಬೋಳಾಗಿತ್ತು. ಫೋಟೋ ಇದ್ದ ಜಾಗದಲ್ಲಿ ಮಾತ್ರ ಸುಣ್ಣ ಬೆಳ್ಳಗಿತ್ತು, ಸುತ್ತ ಎಲ್ಲ ಕೆಂಪು. ಅವ್ವ ಅದನ್ನು ತನ್ನ ಟ್ರಂಕಿನ ತಳಕ್ಕೆ ಹಾಕಿದ್ದಳು. ಚಿಗವ್ವನ ಮದುವೆಗೆ ಹೋದಾಗ ಅವ್ವ ಯಾರೂ ಹೇಳದೆಯೇ ಕೂಸನ್ನು ಕರೆದುಕೊಂಡು ಉಗ್ರಾಣದಲ್ಲಿ ಕೂತಳು, ಅಕ್ಷತೆಗೂ ಹೊರಗೆ ಬರಲಿಲ್ಲ. ಯಾರಾದರೂ ಯಾವ ಮಗುವಿನ ಕಣ್ಣನ್ನಾದರೂ ಹೊಗಳಿದರೆ ಎದ್ದು ಹೋಗುವುದನ್ನು ರೂಢಿಸಿಕೊಂಡಳು. ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ನಾಚಿಕೆ ಒಂದು ಸಾಮಾನಿನ ಹಾಗೆ ನಮ್ಮೊಂದಿಗೆ ಮನೆಯಲ್ಲಿತ್ತು, ನಾವು ಅದನ್ನು ದಾಟಿಕೊಂಡು ಓಡಾಡುತ್ತಿದ್ದೆವು.

ಚನ್ನು ಬೆಳೆದ. ಪುಸ್ತಕವನ್ನು ಮೂಗಿಗೆ ಹಚ್ಚಿ ಓದುವ, ಕ್ರಿಕೆಟ್ ಕಾಮೆಂಟರಿ ಹತ್ತಿದರೆ ರೇಡಿಯೋ ಬಿಟ್ಟೇಳದ, ಮಾತಿಗೆ ಮಾತು ಕೊಡುವ ಕಿಲಾಡಿ ಹುಡುಗನಾದ. ಅಪ್ಪ ಚೀಲಗಳನ್ನು ಪೇಟೆಯ ಹತ್ತಿರದ ಗೋದಾಮಿಗೆ ಸಾಗಿಸಿದ, ಮನೆ ತಿಳಿಯಾಯಿತು. ಆಯಿ ತೀರಿಕೊಂಡಳು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಎಳೆಗೂಸುಗಳ ಕಣ್ಣಿನ ಬಗ್ಗೆ ಸಂಶೋಧನೆ ಮಾಡುವ ಒಂದು ತಂಡ ಸೇರಿ, ಹಾವೇರಿ ಸುತ್ತಿನ ಹಳ್ಳಿಗಳ ಅಂಗನವಾಡಿ ಟೀಚರುಗಳಿಗೆ ತಿಳಿಸಿ ಹೇಳುವ ಕೆಲಸ ಹಿಡಿದೆ. ನಮ್ಮಲ್ಲಿದ್ದ ಚಿತ್ರಗಳೆಲ್ಲ ಪೂರಾ ಕೆಟ್ಟುಹೋದ ಕಣ್ಣುಗಳವು, ನೋಡಿದರೆ ಯಾರಾದರೂ ಹೆದರುವಂಥವು. ಅಂಥ ಕಣ್ಣು ಕಂಡ ಮೇಲೆ ಟೀಚರು ಬೇಕಿಲ್ಲ. ನನಗೆ ಬೇಕಿದ್ದದ್ದು ಕೆಡುವ ಮುಂಚಿನ ಕಣ್ಣು, ಎಲ್ಲರೂ ಹೊಗಳುವ ಕಣ್ಣು. ಅಂಥ ಚಿತ್ರ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಬ್ಯಾಡಗಿಗೆ ಹೋಗಿ, ಊಟವಾದ ಮೇಲೆ, ಅಡುಗೆಮನೆಯಲ್ಲಿ, ಟ್ರಂಕಿನ ತಳದ ಫೋಟೋ ಕೊಡೆಂದು ಅವ್ವನನ್ನು ಕೇಳಿದೆ. ಅವಳು ಕೈಯಲ್ಲಿದ್ದ ತಂಬಿಗೆಯನ್ನು ಕುಕ್ಕಿ ಇಟ್ಟಳು.

“ನನ್ನ ಮಾನಾ ಕಳ್ಯಾಕ ಡಾಕ್ಟರ್ ಆದಿಯೇನು? ಹಾವೇರ್ಯಾಗ ಅವರೊಬ್ರು ಕೇಳಿದ್ದು ಸಾಲಲಿಲ್ಲೇನ? ಈಗ ಊರೂರ ಮಂದಿ ಕಡೆ ಕೇಳಸ್ತೀಯೇನ, ತಾಯಿಗೆ ತಿಳೀಲಿಲ್ಲೇನ ಅಂತ?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ತಮ್ಮ ಕಳೆದುಕೊಂಡ ಕಣ್ಣಿನ ಮೇಲೆಯೇ ನನ್ನ ಓದು, ನನ್ನ ನೌಕರಿ ನಿಂತಿದ್ದವು. ಅವ್ವ ಮುಚ್ಚಿಟ್ಟದ್ದನ್ನು ಬಿಚ್ಚಿ ಗೋಡೆಗೆ ಹಾಕುವ ಹಕ್ಕು ನನಗೆ ಯಾರು ಕೊಟ್ಟರು? ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು. ರೇಡಿಯೋ ಬಿಟ್ಟು ನಮ್ಮ ಮಾತಿಗೆ ಕಿವಿಗೊಟ್ಟಿದ್ದ ಚನ್ನು ಸೀರೆಗಳನ್ನೆಲ್ಲ ಕೆದರಿ ಫೋಟೋ ಹಿಡಿದುಕೊಂಡು ಬಂದ. ಅವನು ಅದನ್ನು ನೋಡಿಯೇ ಇರಲಿಲ್ಲ. ಅವನಿಗೆ ತಿಳಿವಳಿಕೆ ಬರುವ ಮೊದಲೇ ಅದು ಗೋಡೆಯಿಂದ ಇಳಿದಿತ್ತು.

“ಅದನ್ನ ಇಡು,” ಎಂದಳು ಅವ್ವ.

ಅವನು ಇಡಲಿಲ್ಲ. ಬಾಗಿಲ ಮರೆಯಲ್ಲಿ, ಬೆಳಕು ಚುಚ್ಚದ ಕಡೆ ನಿಂತು, ಕಟ್ಟಿನ ಗಾಜನ್ನು ಬಲಗಣ್ಣಿಗೆ ತಾಕುವಷ್ಟು ಹತ್ತಿರ ಹಿಡಿದ. ಅವನು ಚಿತ್ರ ನೋಡುವುದು ಹಾಗೆಯೇ, ಒಂದೊಂದು ತುಣುಕಾಗಿ. ಮೊದಲು ತಲೆಯ ಮೇಲಿನ ಕುಲಾಯಿ, ಆಮೇಲೆ ಕೆನ್ನೆಯ ಮೇಲಿನ ಕಾಡಿಗೆಯ ಬೊಟ್ಟು. ಕಣ್ಣುಗಳ ಹತ್ತಿರ ಬಂದು ಅವನ ಕೈ ನಿಂತಿತು. ಅವನು ಬಹಳ ಹೊತ್ತು ಅಲ್ಲೇ ನೋಡಿದ.

“ಯಕ್ಕಾ, ಇದು ನಾನ ಏನ?”

“ಹೂಂ.”

“ಅವ್ವಾ,” ಎಂದ, ಜಗಳವಾಡುವವನಂತೆ ಅವಳ ಕಡೆ ತಿರುಗಿ, “ನಾ ಭಾಳ ಚೆಂದ ಇದ್ನೆಲ್ಲ! ಒಮ್ಮೆನೂ ಹೇಳಿಲ್ಲ ನೀ.”

ಅವ್ವ ಒಲೆಯ ಕಟ್ಟೆ ಹಿಡಿದುಕೊಂಡು ಕೂತಿದ್ದಳು. ಅವಳ ಕಿವಿ, ಕೊರಳು ಹಾವೇರಿಯಲ್ಲಿ ಆದ ಹಾಗೆಯೇ ಕೆಂಪಾಗುತ್ತ ಬಂದವು. ಆದರೆ ಈ ಸಲ ಅವಳು ನೆಲ ನೋಡಲಿಲ್ಲ.

“ಇದ್ದ್ಯಪ್ಪಾ. ಭಾಳ ಚೆಂದ ಇದ್ದಿ. ಅದಕ್ಕ ನನಗ ತಿಳೀಲಿಲ್ಲ.”

ಎದ್ದು ಅವನ ಕೈಯಿಂದ ಫೋಟೋ ತೆಗೆದುಕೊಂಡಳು. ಮನೆಯಲ್ಲಿ ಮೆಣಸಿನಕಾಯಿ ಇಲ್ಲದೆ ವರ್ಷಗಳಾಗಿದ್ದರೂ ತೋಳು ಮಡಚಿ ಮೊಣಕೈಯ ಒಳಬದಿಯಿಂದ ಕಣ್ಣೊರೆಸಿಕೊಂಡಳು, ಆಮೇಲೆ ಸೆರಗಿನಿಂದ ಗಾಜು ಒರೆಸಿ ನನ್ನ ಮಡಿಲಿಗೆ ಇಟ್ಟಳು.

“ಒಯ್ಯಿ. ತೋರಸು. ಆದ್ರ ಬರೇ ಬ್ಯಾನಿ ಅಂತ ಹೇಳಬ್ಯಾಡ. ಚೆಂದ ಇದ್ದಾ ಅಂತನೂ ಹೇಳು.”